ಟಿಕೆಟ್ ಕಿಟಕಿ ಮೇಲಿನ ದೀರ್ಘ

ತುಮಕೂರಿನ ಹಳೇ ರೈಲ್ವೆ ಸ್ಟೇಷನ್ನನ್ನು ದುರಸ್ತಿ ಮಾಡುತ್ತಿದ್ದಾರೆ, ಗೋಡೆಯ ಬಣ್ಣವನ್ನೆಲ್ಲ ಕೆರೆಯುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಕುಣಿಗಲ್‌ನಲ್ಲಿ ಬಸ್ಸು ಹತ್ತಿದೆ. ಮಂಡಿನೋವು ಇಟ್ಟುಕೊಂಡು ಎಲ್ಲಿಗೆ ಹೊರಟೆ ಅಂತ ಮಗಳು ಬೈದಳು. ಬೈಯಲಿ. ಆ ಗೋಡೆಯ ಮೇಲೆ ನಮ್ಮಪ್ಪ ಬರೆದ ಅಕ್ಷರವಿತ್ತು. ಅಪ್ಪನ ಕೈಬರಹ ಅಂತ ಈ ಭೂಮಿ ಮೇಲೆ ಉಳಿದಿದ್ದರೆ ಅದೊಂದೇ.

ಅಪ್ಪ ಗುಬ್ಬಿಯವನು, ಸುಣ್ಣಬಣ್ಣದ ಕೆಲಸದವನು. ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ರಂಗೋಲಿ ಬಿಡಿಸುವ ಹಾಗೆ ಬಿಡಿಸುತ್ತಿದ್ದ. ತುಮಕೂರು ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮೇಲೆ ಊರಿನ ಹೆಸರು ಬರೆಯುವ ಕೆಲಸ ಸಿಕ್ಕಾಗ ನನ್ನನ್ನೂ ರೈಲಿನಲ್ಲಿ ಕರೆದುಕೊಂಡು ಹೋದ. ನಾನೋ, ಆಗಷ್ಟೇ ಕಾಗುಣಿತ ಕಲಿತ ಬಾಯಿಬಡುಕಿ. ಅಪ್ಪ ಏಣಿಯಿಂದ ಇಳಿಯುವ ಮೊದಲೇ ಕಿರುಚಿದೆ.

"ಅಪ್ಪಾ, ದೀರ್ಘನೇ ಕೊಟ್ಟಿಲ್ಲ! ತುಮಕುರು ಅಂತ ಬರ್ದಿದೀಯ!"

ಸಾಲಿನಲ್ಲಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಪ್ಪ ಕುಂಚ ಒರೆಸುತ್ತ, "ಓದಿರೋ ಮಗ್ಳು ಕಣ್ರಪ್ಪ, ಸರಿಯಾಗೇ ಹೇಳ್ತವ್ಳೆ" ಅಂದ. ಹೆಮ್ಮೆಯಿಂದಲೇ ಅಂದ. ಮಾರನೇ ದಿನ ಬೇರೆ ಯಾರೋ ಅದರ ಮೇಲೆ ಬಣ್ಣ ಬಳಿದು ಹೊಸದಾಗಿ ಬರೆದರಂತೆ. ಆಮೇಲೆ ಅಪ್ಪ ಸಾಯುವ ತನಕ ಗೋಡೆಗೆ ಸುಣ್ಣ ಹೊಡೆದ, ಅಕ್ಷರದ ತಂಟೆಗೆ ಹೋಗಲಿಲ್ಲ. ನಾನು ಕನ್ನಡ ಟೀಚರ್ ಆಗಿ ಕಂಡವರ ಮಕ್ಕಳ ದೀರ್ಘ ತಿದ್ದಿದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಸ್ಟೇಷನ್ನಿನ ಕಮಾನು, ಮರದ ಟಿಕೆಟ್ ಕಿಟಕಿ ಎಲ್ಲವನ್ನೂ ಹಾಗೇ ಉಳಿಸಿಕೊಂಡಿದ್ದರು. ಕೆಲಸಗಾರನೊಬ್ಬ ಕಿಟಕಿಯ ಮೇಲೆ ಹಳದಿ ಕೆರೆದ, ಹಸಿರು ಕೆರೆದ. ಅದರ ಅಡಿಯಲ್ಲಿ ಕಪ್ಪಕ್ಷರ ಕಂಡಿತು. ಅಪ್ಪನನ್ನು ಒಂದೇ ಒಂದು ಸಲ ನೋಡಬೇಕು ಅನ್ನಿಸಿತು.

"ನೋಡಮ್ಮ, ಯಾವನೋ ಓದಕ್ ಬಾರದೋನು ಬರ್ದವ್ನೆ" ಅಂತ ಅವನು ನಕ್ಕ.

"ನಮ್ಮಪ್ಪ ಕಣಪ್ಪ" ಅಂದೆ.

ಅವನ ಕೈ ನಿಂತಿತು. "ತಪ್ಪು ತಿಳ್ಕೋಬೇಡಿ ಅಮ್ಮ."

"ಕೆರೀಬೇಡ. ಅದರ ಮೇಲೇ ಬಣ್ಣ ಹೊಡೆದುಬಿಡು."

"ಕೆರೀದಿದ್ರೆ ಹೊಸ ಬಣ್ಣ ಹಿಡಿಯಲ್ಲ ಕಣಮ್ಮ."

ಅದೂ ನಿಜವೇ. ಸುಣ್ಣಬಣ್ಣದವನ ಮಗಳಿಗೆ ಅಷ್ಟೂ ಗೊತ್ತಿಲ್ಲವೇ? ಒಂದು ಗಳಿಗೆ ತಡಿ ಅಂದೆ. ಟಿಕೆಟಿಗೆ ನಿಂತವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ಅಪ್ಪ ಬರೆದದ್ದನ್ನು ಬರೆದ ಹಾಗೇ ಓದಿದೆ: "ತುಮಕುರು."