ಅತ್ತೆಯ ಬಲಗೈ

“ಅಕ್ಕಾರ, ಅಮ್ಮಾರ ಬಲಗೈ ಛಲೋ ಅದಲ್ರಿ, ನೀವ್ಯಾಕ ಉಣಸಾಕತ್ತೀರಿ?”

ಶಹಾಪುರದ ನಮ್ಮ ಮನೆಗೆ ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಕೇಳಿದ. ಲಕ್ವಾ ಹೊಡೆದು ನಮ್ಮ ಅತ್ತೆಯ ಎಡಗೈ ಸ್ವಾಧೀನ ತಪ್ಪಿತ್ತು. ಬಲಗೈ ಗಟ್ಟಿಯಿದ್ದರೂ ಮೂರು ತಿಂಗಳಿಂದ ಅವರು ಆ ಕೈಯಿಂದ ರೊಟ್ಟಿ ಮುಟ್ಟಿರಲಿಲ್ಲ. “ಹಟ ರೀ, ಮತ್ತೇನಿಲ್ಲ” ಎಂದು ಸಿಡುಕಿದೆ.

ಅವನು ದನಿ ತಗ್ಗಿಸಿದ. “ಹಟ ಅಲ್ರಿ. ಎಡಗೈ ಬರಂಗಿಲ್ಲ, ಸಂಡಾಸಕ್ಕ ಹೋದ್ರ ಬಲಗೈಲೇ ತೊಳಕೋಬೇಕು. ಅದೇ ಕೈಲೆ ಹ್ಯಾಂಗ ಉಣ್ತಾರ್ರಿ? ನಮ್ಮವ್ವನೂ ಹಿಂಗ ಮಾಡ್ತಿದ್ಳು.”

ಅತ್ತೆ ಸೆರಗು ಮುಖಕ್ಕೆ ಒತ್ತಿಕೊಂಡರು. ನಾಚಿಕೆಪಡಬೇಕಾದವಳು ನಾನಾಗಿದ್ದೆ.

ಮರುದಿನ ಅವನೇ ಯಾದಗಿರಿಯಿಂದ ಕಮೋಡಿಗೆ ಬೇರೆ ಸೀಟು ತಂದು ಕೂಡಿಸಿದ. ಬಲಬದಿಯ ಹಿಡಿಕೆ ತಿರುವಿದರೆ ಕೆಳಗಿನಿಂದ ನೀರು ಚಿಮ್ಮಿ ತಾನೇ ತೊಳೆಯುತ್ತದೆ, ಕೈ ತಾಗಿಸಬೇಕಿಲ್ಲ. ಅತ್ತೆಗೆ ಹೇಳಿಕೊಡುವ ಮುಂಚೆ ನಾನೇ ಕೂತು ಕಲಿತೆ.

ಮೂರನೆಯ ದಿನ ಅತ್ತೆ ತಾವೇ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ಮೊದಲ ತುತ್ತು ನನ್ನತ್ತ ಚಾಚಿದರು. ಆ ಪ್ಲಂಬರನನ್ನು ಮನಸ್ಸಿನಲ್ಲೇ ನೆನೆದೆ. ನನ್ನ ಬಾಯಿಯ ಹತ್ತಿರ ಬಂದ ಅವರ ಕೈ, ನನಗೆ ಹೇಸಿಗೆಯಾದೀತೆಂದೋ ಏನೋ, ಅಳುಕಿ ನಿಂತಿತು. ನಾನೇ ಬಗ್ಗಿ ಬಾಯಿ ಹಚ್ಚಿದೆ.