ಕೇಳದೆ ಬರೆದ ‘ಇಲ್ಲ’

೨೦೧೪ನೇ ಇಸವಿ ಆಗಸ್ಟ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಸಿಂಗಪುರದ ಜುರಾಂಗ್ ವೆಸ್ಟಿನಲ್ಲಿರುವ ಮಗಳ ಮನೆಯ ಊಟದ ಮೇಜು. ಹಾಜರಿದ್ದವರು ಮೂವರು: ಅಳಿಯ ಪ್ರಕಾಶ, ಅವನ ತಾಯಿ ಗೌರಮ್ಮನವರು, ನಾನು. ಮಗಳು ವಿದ್ಯಾ ಆಗಲೇ ಆಫೀಸಿಗೆ ಹೊರಟಾಗಿತ್ತು. ಪ್ರಕಾಶನ ತಟ್ಟೆಯಲ್ಲೂ ನನ್ನ ತಟ್ಟೆಯಲ್ಲೂ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಗೌರಮ್ಮನವರ ಮುಂದೆ ಮಾತ್ರ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಅದನ್ನೂ ಅವರು ಬಲಗಡೆಯ ಹಲ್ಲಿನಲ್ಲಷ್ಟೇ, ಬಹಳ ಹುಷಾರಾಗಿ ಅಗಿಯುತ್ತಿದ್ದರು.

ಒಂದು ತಿಂಡಿಯ ಹೊತ್ತಿಗೆ ಇಷ್ಟೊಂದು ವಿವರ ಯಾಕೆ ಎಂದು ನೀವು ಕೇಳಬಹುದು. ಇದು ನನ್ನ ಹಳೆಯ ಅಭ್ಯಾಸ. ಎಪ್ಪತ್ತೈದು ವರ್ಷವಾದರೂ ದಿನಾಂಕ, ಹೊತ್ತು, ಹಾಜರಿದ್ದವರ ಹೆಸರು ಬರೆಯದೆ ನನ್ನ ಲೇಖನಿ ಮುಂದಿನ ಸಾಲಿಗೆ ಇಳಿಯುವುದಿಲ್ಲ. ಆ ಶಿಸ್ತನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಕ್ಯಾನ್ಸರಿನ ಕಾರಣ ಹುಡುಕುತ್ತಿದ್ದವರ ಜೊತೆ ಮೈಸೂರಿನ ಬೀದಿಗಳಲ್ಲಿ.

ಆ ಬೆಳಿಗ್ಗೆ ಪ್ರಕಾಶ ಜುರಾಂಗ್ ಐಲ್ಯಾಂಡಿನ ಕೆಲಸಕ್ಕೆ ರಜೆ ಹಾಕಿ, ಎದುರು ಬ್ಲಾಕಿನ ದಂತವೈದ್ಯರ ಕ್ಲಿನಿಕ್ಕಿನಿಂದ ತಂದಿದ್ದ ಫಾರಂ ತುಂಬುತ್ತಿದ್ದ. ಅವನ ತಾಯಿಯ ಕೆನ್ನೆಯ ಒಳಗೆ ಒಂದು ಹುಣ್ಣು ಮಾಯದೆ ಉಳಿದಿತ್ತು.

“ಸ್ಮೋಕಿಂಗ್ ನೋ, ಆಲ್ಕೋಹಾಲ್ ನೋ, ಟೊಬ್ಯಾಕೋ ನೋ. ಅಮ್ಮಂದು ತುಂಬಾ ಈಸಿ ಅತ್ತೆ, ಎಲ್ಲಾದಕ್ಕೂ ನೋ ಟಿಕ್ ಮಾಡಿದ್ರೆ ಮುಗೀತು. ಒಂದು ಆಯಿಂಟ್‌ಮೆಂಟ್ ಕೊಡ್ತಾರೆ ಅಷ್ಟೆ. ಗುರುವಾರ ಅಮ್ಮ ಊರಿಗೆ ಹೋಗೋ ಫ್ಲೈಟಿಗೆ ಏನೂ ಪ್ರಾಬ್ಲಂ ಇಲ್ಲ.”

“ಕೋಡುಬಳೆ ಚುಚ್ಚಿದ್ದಕ್ಕೆ ಯಾರಾದ್ರೂ ಡಾಕ್ಟರ ಹತ್ರ ಹೋಗ್ತಾರೇನೋ?” ಎಂದರು ಗೌರಮ್ಮನವರು, ಎಡಗೆನ್ನೆಯನ್ನು ಅಲುಗಿಸದೆ.

ಆ ಕೋಡುಬಳೆ ಕರಿದವಳು ನಾನೇ, ಆದ್ದರಿಂದ ದಿನ ನೆನಪಿತ್ತು. ಐದು ವಾರವಾಗಿತ್ತು. ಕೋಡುಬಳೆಯ ಗಾಯ ಐದು ವಾರ ನಿಲ್ಲುವುದಿಲ್ಲ. ಊಟವಾದ ಮೇಲೆ ನಮ್ಮೆದುರಿಗೇ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವರು ಸ್ವಲ್ಪ ಹೊತ್ತಿನಲ್ಲಿ ಬಚ್ಚಲಿಗೆ ಹೋಗಿ, ಹತ್ತು ನಿಮಿಷ ನಲ್ಲಿ ಬಿಟ್ಟುಕೊಂಡು ನಿಲ್ಲುವುದನ್ನೂ ನಾನು ಎರಡು ತಿಂಗಳಿನಿಂದ ಗಮನಿಸಿದ್ದೆ. ಗಮನಿಸಿ ಸುಮ್ಮನಿದ್ದೆ. ಬೀಗಿತ್ತಿಯನ್ನು ಇಂಥದ್ದೆಲ್ಲ ಕೇಳುವುದುಂಟೆ? ಹಾಗೆ ಅಂದುಕೊಂಡದ್ದೇ ತಪ್ಪು, ಅದೂ ನಾನು ಒಮ್ಮೆ ಮಾಡಿ ತಿದ್ದಿಸಿಕೊಂಡಿದ್ದ ತಪ್ಪು.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಇಪ್ಪತ್ತೆರಡು ವಯಸ್ಸು. ಆಸ್ಪತ್ರೆಯೊಂದು ನಡೆಸುತ್ತಿದ್ದ ಬಾಯಿ ಕ್ಯಾನ್ಸರಿನ ಸಮೀಕ್ಷೆಗೆ ಪ್ರಶ್ನೆ ಕೇಳುವವಳಾಗಿ ಸೇರಿದೆ. ಕ್ಯಾನ್ಸರ್ ಎಂದರೆ ಆಗ ಜನ ದನಿ ತಗ್ಗಿಸುತ್ತಿದ್ದರು. ಕೆಲವರು ಹಣೆಬರಹ ಎನ್ನುತ್ತಿದ್ದರು, ಕೆಲವರು ಅಂಟುರೋಗ ಎಂದು ರೋಗಿಯ ಲೋಟವನ್ನು ಬೇರೆ ಇಡುತ್ತಿದ್ದರು, ಇನ್ನು ಕೆಲವರು ಯಾವಾಗಲೋ ಕೆನ್ನೆ ಕಚ್ಚಿಕೊಂಡದ್ದನ್ನು ನೆನಪಿಸಿಕೊಳ್ಳುತ್ತಿದ್ದರು. ಅದೇ ಕಾಲದಲ್ಲಿ ಪ್ರಪಂಚದ ಬೇರೆ ಬೇರೆ ಕಡೆ ಕೆಲವು ವೈದ್ಯರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ರೋಗಿಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಏನು ತಿನ್ನುತ್ತೀರಿ, ಏನು ಸೇದುತ್ತೀರಿ, ಎಷ್ಟು ವರ್ಷದಿಂದ ಎಂದು ಕೇಳಲು ಶುರುಮಾಡಿದ್ದರು. ಶ್ವಾಸಕೋಶದ ರೋಗಕ್ಕೂ ಸಿಗರೇಟಿಗೂ ಇರುವ ನಂಟು ಬೆಳಕಿಗೆ ಬಂದದ್ದು ಹೀಗೆ ಕೇಳಿ ಕೇಳಿಯೇ. ನಮ್ಮ ಕಡೆಯ ಪ್ರಶ್ನೆ ಕೆನ್ನೆಯದು, ಹೊಗೆಸೊಪ್ಪಿನದು.

ರೋಗಿಗಳನ್ನಷ್ಟೇ ಕೇಳಿದರೆ ಸಾಲದು, ಇದು ನಮಗೆ ಮೊದಲ ದಿನವೇ ಹೇಳಿಕೊಟ್ಟ ಪಾಠ. ರೋಗಿಗಳೆಲ್ಲರೂ ಅನ್ನ ತಿಂದವರೇ, ಹಾಗೆಂದು ಅನ್ನ ರೋಗದ ಕಾರಣವಾಗುತ್ತದೆಯೆ? ಆದ್ದರಿಂದ ಪ್ರತಿ ರೋಗಿಗೂ ಅದೇ ವಯಸ್ಸಿನ, ಅದೇ ಬೀದಿಯ ಆರೋಗ್ಯವಂತರೊಬ್ಬರನ್ನು ಹುಡುಕಿ, ಅವವೇ ಪ್ರಶ್ನೆಗಳನ್ನು ಅದೇ ಅನುಕ್ರಮದಲ್ಲಿ, ಮುಖದ ಮೇಲೆ ಒಂದು ಗೆರೆಯೂ ಕದಲದಂತೆ ಕೇಳಬೇಕು. ಉತ್ತರಗಳು ದಪ್ಪ ಕಾರ್ಡಿಗೆ ಏರುತ್ತಿದ್ದವು. ಕಾರ್ಡಿನ ಅಂಚಿನುದ್ದಕ್ಕೂ ಪ್ರಶ್ನೆಗೊಂದರಂತೆ ತೂತುಗಳು. ‘ಹೌದು’ ಎಂದವರ ತೂತನ್ನು ಕತ್ತರಿಸಿ ತೆರೆದುಬಿಡುವುದು. ಆಮೇಲೆ ಕಟ್ಟಿನ ತೂತಿಗೆ ಸ್ವೆಟರ್ ಹೆಣೆಯುವಂಥ ಉದ್ದ ಕಡ್ಡಿ ತೂರಿಸಿ ಎತ್ತಿ ಅಲ್ಲಾಡಿಸಿದರೆ, ಹೌದೆಂದವರ ಕಾರ್ಡುಗಳು ಮೇಜಿನ ಮೇಲೆ ಉದುರುತ್ತಿದ್ದವು, ಇಲ್ಲವೆಂದವರವು ಕಡ್ಡಿಯಲ್ಲೇ ನೇತಾಡುತ್ತಿದ್ದವು. ಕಂಪ್ಯೂಟರ್ ಕಾಣದ ಕಾಲದ ನಮ್ಮ ಲೆಕ್ಕಾಚಾರ ಅದು. ಮೊದಲ ಸಲ ಆ ಸದ್ದು ಕೇಳಿದಾಗ ಮೈ ಜುಮ್ಮೆಂದಿತ್ತು.

ಎರಡನೆಯ ಸಲ ಮುಖ ಕೆಂಪಾಯಿತು. ಮೇಲ್ವಿಚಾರಕರು ನನ್ನ ಕಟ್ಟನ್ನು ಅಲ್ಲಾಡಿಸಿ, ಉದುರಿದ್ದನ್ನೂ ನೇತಾಡಿದ್ದನ್ನೂ ಎರಡೆರಡು ಸಲ ನೋಡಿ ಹೇಳಿದರು: “ಏನಮ್ಮಾ, ನಿನ್ನ ಕಾರ್ಡಿನಲ್ಲಿ ಹೊಗೆಸೊಪ್ಪು ಗುಡಿಸಲಿಗೆಲ್ಲಾ ನುಗ್ಗುತ್ತೆ, ತಾರಸಿ ಮನೆಗೆ ಮಾತ್ರ ಕಾಲೇ ಇಡಲ್ಲವಲ್ಲ? ಚಪ್ಪಲಿ ಬಿಟ್ಟು ಬರೋಕೆ ಸಂಕೋಚವೇ ಅದಕ್ಕೆ?”

ಸಂಕೋಚ ನನಗಿತ್ತು. ವಕೀಲರ ಹೆಂಡತಿಯನ್ನೋ ಮೇಷ್ಟರ ಹೆಂಡತಿಯನ್ನೋ ‘ಹೊಗೆಸೊಪ್ಪು ಹಾಕುತ್ತೀರಾ’ ಎಂದು ಕೇಳಲು ನಾಲಿಗೆ ಏಳದೆ, ಅಂಥವರ ಕಾರ್ಡಿನಲ್ಲಿ ನಾನೇ ‘ಇಲ್ಲ’ ಎಂದು ಬರೆದುಬಿಟ್ಟಿದ್ದೆ. ಕೆಲವು ಕಡೆ ಗಂಡನೇ ಅಡ್ಡಬಂದು “ಅವಳನ್ನೇನು ಕೇಳ್ತೀರಿ, ನಾನು ಹೇಳ್ತೀನಿ ಬರ್ಕೊಳ್ಳಿ” ಎಂದಿದ್ದ, ನಾನು ಬರೆದುಕೊಂಡಿದ್ದೆ. ಅವಮಾನ ಮಾಡಬಾರದೆಂಬ ನನ್ನ ಒಳ್ಳೆಯತನ ಆ ಹೆಂಗಸರನ್ನೆಲ್ಲ ಕಡ್ಡಿಗೆ ನೇತುಹಾಕಿತ್ತು. ಅಲ್ಲಾಡಿಸಿದರೂ ಅವರು ಉದುರುವಂತಿರಲಿಲ್ಲ. ಮರುದಿನದಿಂದ ಸೈಕಲ್ ಹತ್ತಿ ಅಷ್ಟೂ ಮನೆಗಳಿಗೆ ಮತ್ತೆ ಹೋದೆ. “ಹುಡುಗರು ಸೈಕಲ್ ಗಾಳಿ ಬಿಡ್ತಾರೆ, ಸ್ವಲ್ಪ ನೋಡ್ಕೊಳ್ತೀರಾ” ಎಂದು ಗಂಡಂದಿರನ್ನು ಗೇಟಿಗೆ ಕಳಿಸುವುದನ್ನು ಕಲಿತೆ. ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳದೆ, ಎಲೆಅಡಿಕೆಯ ಜೊತೆ ಏನೇನು ಹಾಕಿಕೊಳ್ಳುತ್ತೀರಿ ಎಂದು ಕೇಳುವುದನ್ನೂ ಕಲಿತೆ. ಉತ್ತರ ಮನೆಯವರ ಕಿವಿಗೆ ಬೀಳುವುದಿಲ್ಲವೆಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟೆ, ಆ ಮಾತನ್ನು ಇವತ್ತಿಗೂ ಮುರಿದಿಲ್ಲ. ನನ್ನ ಬದುಕಿನಲ್ಲಿ ಹೆಮ್ಮೆಪಡುವಂಥದ್ದೇನಾದರೂ ಇದ್ದರೆ ಅದು ಆ ಎರಡನೆಯ ಸುತ್ತು.

ಹಾಗಾಗಿ ಪ್ರಕಾಶನ ಮೂರನೆಯ ‘ನೋ’ ನನ್ನ ಕಣ್ಣಿಗೆ ಚುಚ್ಚಿತು.

“ಪ್ರಕಾಶ, ಕೆಳಗೆ ಅಂಗಡಿಗೆ ಹೋಗಿ ನನಗೊಂದು ಕೋಪಿ-ಓ, ಆ ಹಾಲಿಲ್ಲದ ಕಾಫಿ, ತಂದುಕೊಡಪ್ಪ.”

“ನೀವಾ ಅತ್ತೆ? ಫಿಲ್ಟರ್ ಕಾಫಿ ಬಿಟ್ಟು ಬೇರೇನೂ ಮುಟ್ಟಲ್ಲವಲ್ಲ!”

“ಇವತ್ತು ಮುಟ್ತೀನಿ. ಲಿಫ್ಟ್ ಬೇಡ, ಮೆಟ್ಟಿಲಲ್ಲೇ ಹೋಗು, ಹೊಟ್ಟೆ ಬಂದಿದೆ.”

ಅವನು ನಗುತ್ತಾ ಹೋದ. ನಾನು ಹಾಳೆ ತೆಗೆದುಕೊಂಡು ಗೌರಮ್ಮನವರ ಎದುರು ಕುಳಿತೆ.

“ಎಲೆಅಡಿಕೆ ಜೊತೆ ಏನೇನು ಹಾಕ್ಕೊಳ್ತೀರಿ ಗೌರಮ್ಮನವರೇ?”

“ಸುಣ್ಣ.”

“ಇನ್ನೇನು?”

“ಲವಂಗ, ಏಲಕ್ಕಿ. ಇದೇನ್ರೀ ಪೊಲೀಸ್ನೋರ ಹಾಗೆ?”

“ಇನ್ನೇನು?”

ಅವರು ನನ್ನ ಮುಖ ನೋಡಿದರು. ಅಲ್ಲಿ ಗೆರೆ ಕದಲಲಿಲ್ಲ. ಐವತ್ತು ವರ್ಷ ಕಳೆದರೂ ಆ ಕಸುಬು ನನ್ನನ್ನು ಬಿಟ್ಟಿರಲಿಲ್ಲ. “ಕಡ್ಡಿಪುಡಿ,” ಎಂದರು, ಪಕ್ಕದ ಮನೆಗೆ ಕೇಳಿಸೀತೇನೋ ಎಂಬಷ್ಟು ಮೆಲ್ಲಗೆ. “ಪ್ರಕಾಶ ಹುಟ್ಟಿದಾಗ ಹಲ್ಲುನೋವು ಅಂತ ಒದ್ದಾಡ್ತಿದ್ದೆ, ನಮ್ಮತ್ತೆ ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ಕೊಟ್ರು. ನೋವು ಹೋಯ್ತು, ಇದು ಉಳೀತು. ಸೀಗೆಪುಡಿ ಡಬ್ಬೀಲಿ ಇಟ್ಕೊಂಡು ಬಂದಿದೀನಿ.”

“ಯಾವ ಕಡೆ ಒತ್ತರಿಸ್ತೀರಿ?”

ಉತ್ತರ ಬರುವ ಮೊದಲೇ ಕೈ ಎಡಗೆನ್ನೆಗೆ ಹೋಯಿತು. ದಿನಕ್ಕೆಷ್ಟು ಸಲ ಎಂದೆ. ಐದು ಎಂದರು. ಬರೆದುಕೊಂಡೆ.

“ಪ್ರಕಾಶಂಗೆ ಹೇಳಬೇಡಿ ಕಣ್ರೀ. ಎಲ್ಲರ ಮುಂದೆ ‘ನಮ್ಮಮ್ಮಂಗೆ ಒಂದು ಚಟ ಇಲ್ಲ’ ಅಂತ ಹೇಳ್ಕೊಂಡು ಓಡಾಡ್ತಾನೆ.”

“ನಾನು ಹೇಳಲ್ಲ. ಆದ್ರೆ ಡಾಕ್ಟರಿಗೆ ಗೊತ್ತಾಗಲೇಬೇಕು, ಇಲ್ಲದಿದ್ರೆ ಮುಲಾಮು ಹಚ್ಚಿ ನಿಮ್ಮನ್ನ ವಿಮಾನ ಹತ್ತಿಸ್ತಾರೆ. ಅವರಿಗೆ ಕನ್ನಡ ಬರಲ್ಲ, ನಿಮಗೆ ಇಂಗ್ಲಿಷ್ ಬರಲ್ಲ. ಮಧ್ಯೆ ಅವನು ಕೂರಲೋ, ನಾನು ಕೂರಲೋ, ನೀವೇ ಹೇಳಿ.”

ಹನ್ನೊಂದೂವರೆಗೆ ಕ್ಲಿನಿಕ್ಕಿನಲ್ಲಿ ಹೆಸರು ಕರೆದಾಗ ಗೌರಮ್ಮನವರು, ಎದ್ದುನಿಂತ ಮಗನನ್ನು ಕೈಯಲ್ಲೇ ತಡೆದರು.

“ನೀನು ಕೂತಿರು. ಇದು ಹೆಂಗಸರ ವಿಷಯ.”

“ಬಾಯಿಹುಣ್ಣು ಹೆಂಗಸರ ವಿಷಯನಾ ಅಮ್ಮ?”

“ಬಾಯಿ ನಂದಲ್ವೇನೋ?”

ಒಳಗಿದ್ದ ವೈದ್ಯೆ ಚೀನೀ ಹುಡುಗಿ, ನನ್ನ ಮೊಮ್ಮಗಳಾಗುವಷ್ಟು ಚಿಕ್ಕವಳು. ಫಾರಂನಲ್ಲಿ ‘ನೋ’ ಓದಿ ತಲೆಯಾಡಿಸಿದವಳಿಗೆ ಅದು ಸರಿಯಲ್ಲವೆಂದು ಹೇಳಿ, ಗೌರಮ್ಮನವರ ಮಾತುಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ದಾಟಿಸಿದೆ. ಅವಳು ಅವರ ಕೆನ್ನೆಯೊಳಗೆ ಬೆರಳಿಟ್ಟು ಹುಣ್ಣಿನ ಅಂಚನ್ನು ಒತ್ತಿ ನೋಡಿದಳು. ಇದು ಏನೆಂದು ಈಗಲೇ ಹೇಳಲಾಗದು, ಸ್ವಲ್ಪ ಮಾಂಸ ತೆಗೆದು ಪರೀಕ್ಷಿಸಬೇಕು ಎಂದಳು. ಅಭ್ಯಾಸ ತಿಳಿಯದಿದ್ದರೆ ಮುಲಾಮು ಕೊಟ್ಟು ಎರಡು ವಾರ ಕಾಯುತ್ತಿದ್ದೆ, ಈಗ ಕಾಯುವುದಿಲ್ಲ ಎಂದು ಆಸ್ಪತ್ರೆಗೆ ಅಲ್ಲೇ ಫೋನು ಮಾಡಿ ನಾಳೆ ಬೆಳಿಗ್ಗೆಗೇ ಸಮಯ ತೆಗೆದುಕೊಂಡಳು. ಹೊಗೆಸೊಪ್ಪು ಕೂರುವ ಜಾಗದಲ್ಲೇ ರೋಗ ಏಳುವುದುಂಟು, ಇದನ್ನು ನಾವು ಪಾಠದಲ್ಲೇ ಓದಿದ್ದೇವೆ ಎಂದಳು, ಎಲ್ಲರಿಗೂ ಎಂದಿನಿಂದಲೂ ಗೊತ್ತಿದ್ದ ಸಂಗತಿಯೆಂಬಂತೆ.

ಆ ಮಾತಿಗೆ ನನ್ನ ಎದೆ ತುಂಬಿತು. ಅವಳ ಪಾಠದ ಆ ಒಂದು ಸಾಲಿನ ಕೆಳಗೆ ಎಷ್ಟು ಊರುಗಳ ಎಷ್ಟು ಸೈಕಲ್ಲುಗಳಿವೆ, ಗೇಟಿನ ಬಳಿ ನಿಂತ ಎಷ್ಟು ಗಂಡಂದಿರಿದ್ದಾರೆ, ಮೆಲ್ಲನೆ ‘ಹೌದು’ ಎಂದ ಎಷ್ಟು ಹೆಂಗಸರಿದ್ದಾರೆ ಎಂಬುದು ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ತಿಳಿವಳಿಕೆ ನೆಲೆಯಾಯಿತೆಂದರೆ ಹಾಗೆಯೇ. ಅದರ ಮೇಲೆ ನಿಂತವರು ಕೆಳಗೆ ನೋಡುವುದಿಲ್ಲ. ನಾನೂ ಹೇಳಿಕೊಳ್ಳಲಿಲ್ಲ. ಕೊಟ್ಟ ಚೀಟಿ ಮಡಿಸಿ ಹೊರಬಂದೆ.

“ಏನಂದ್ರು ಅತ್ತೆ? ಆಯಿಂಟ್‌ಮೆಂಟಾ?”

ಕೊಟ್ಟ ಮಾತು ಕೊಟ್ಟದ್ದೇ. ನಾನು ಕನ್ನಡಕ ಒರೆಸುತ್ತಾ ನಿಂತೆ. ಗೌರಮ್ಮನವರು ಸೆರಗು ಸರಿಮಾಡಿಕೊಂಡು, ಬೆಂಚಿನ ಮೇಲೆ ಮಗನ ಪಕ್ಕ ಕೂತರು.

“ಗುರುವಾರದ ಟಿಕೆಟ್ ಕ್ಯಾನ್ಸಲ್ ಮಾಡೋ. ನಾಳೆ ಆಸ್ಪತ್ರೆ. ನೀನು ಹುಟ್ಟಿದಾಗಿಂದ ಹೊಗೆಸೊಪ್ಪು ಹಾಕ್ತಿದೀನಿ ನಾನು.”

ಪ್ರಕಾಶ ನಗಲು ಹೊರಟು, ನಮ್ಮಿಬ್ಬರ ಮುಖ ನೋಡಿ ನಿಲ್ಲಿಸಿದ. “ಅಮ್ಮ... ನೀನಾ? ಒಂದು ದಿನಾನೂ ಹೇಳಲಿಲ್ಲವಲ್ಲ!”

“ಒಂದು ದಿನಾನಾದ್ರೂ ಕೇಳಿದ್ಯಾ? ಇವರು ಕೇಳಿದ್ರು, ಹೇಳ್ದೆ.”

ಅವನು ತಾಯಿಯ ಕೈಚೀಲವನ್ನು ತಾನು ತೆಗೆದುಕೊಂಡು, “ನಡಿ, ಮೊದಲು ಟಿಕೆಟ್ ನೋಡ್ತೀನಿ” ಎಂದ. ಬಿಸಿಲಿನಲ್ಲಿ ರಸ್ತೆ ದಾಟುವಾಗ ಗೌರಮ್ಮನವರ ಬೆನ್ನು ನೆಟ್ಟಗಿತ್ತು. ನಲವತ್ತು ವರ್ಷ ಬಚ್ಚಿಟ್ಟದ್ದನ್ನು ಒಂದು ಬೆಂಚಿನ ಮೇಲೆ ಹೇಳಿ ಎದ್ದ ಅವರ ಧೈರ್ಯದ ಮುಂದೆ, ಕೇಳಿದ ನನ್ನದು ಬಹಳ ಸಣ್ಣದು.

ಸಂಜೆ ಏಳು ಗಂಟೆ. ನಾಳೆ ಆಸ್ಪತ್ರೆಯಲ್ಲಿ ಕೊಡಲೆಂದು ಒಂದು ಹಾಳೆಯ ಮೇಲೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಅನುಕ್ರಮವಾಗಿ ಬರೆದೆ: ವಯಸ್ಸು, ಏನು, ಎಷ್ಟು ವರ್ಷದಿಂದ, ಯಾವ ಕೆನ್ನೆ, ದಿನಕ್ಕೆ ಎಷ್ಟು ಸಲ. ಕೊನೆಗೆ, ನಮ್ಮ ಹಳೆಯ ಸಮೀಕ್ಷೆಯ ಕ್ರಮದಂತೆ, ಕನ್ನಡದಲ್ಲಿ ಓದಿ ಹೇಳಿದೆ. ಪ್ರಕಾಶ, ವಿದ್ಯಾ ಇಬ್ಬರೂ ಅಲ್ಲೇ ಇದ್ದರು. ಗೌರಮ್ಮನವರು ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿದರು.

“ಐದಲ್ಲ ಕಣ್ರೀ, ಎಂಟು,” ಎಂದರು. “ಎಂಟು ಅಂತಲೇ ಬರೀರಿ.”

ಐದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಎಂಟು ಎಂದು ಬರೆದು, ಕೆಳಗೆ ಅವರ ಸಹಿ ಹಾಕಿಸಿದೆ.