ಕುಂಕುಮ ಹಚ್ಚಿದ ಸ್ಪ್ರಿಂಗುಗಳು

ಗಂಡ ಅನ್ನಿಸಿಕೊಂಡವನು ಆಟದ ಕಾರಿನ ಮುಂದೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿರುವಾಗ ಅವನನ್ನು ದಾಟಿಕೊಂಡು ಅಡಿಗೆ ಮಾಡುವುದು ಸುಲಭವಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ, ಮುಲುಂಡಿನ ನಮ್ಮ ಎರಡು ಖೋಲಿಯ ಮನೆಯಲ್ಲಿ ನಾನು ಹಾಗೇ ಅಡಿಗೆ ಮಾಡಿದೆ. ಬೈದುಕೊಂಡೇ ಮಾಡಿದೆ. ಒಮ್ಮೆ ಕೈಯಲ್ಲಿ ಗಂಜಿ ತೆಳಿಯ ಪಾತ್ರೆ ಹಿಡಿದು, "ಕಾರು ಬದಿಗೆ ತೆಗೀತೀರೋ, ಇದನ್ನು ಮೇಲೆ ಸುರಿಯಲೋ" ಎಂದು ಕೇಳಿದ್ದೂ ಉಂಟು. ಅವರು ತಲೆ ಎತ್ತದೆ ಕಾರನ್ನು ಮಾತ್ರ ಸರಿಸಿಕೊಂಡರು.

ಕಾರು ತಂದುಕೊಟ್ಟವನು ನನ್ನ ಅಣ್ಣನೇ. ಹಡಗಿನಲ್ಲಿ ಕೆಲಸಕ್ಕಿದ್ದ ಅವನು ಜಪಾನಿನಿಂದ ಬಿಡಿಭಾಗಗಳ ಡಬ್ಬಿ ತಂದು ಭಾವನ ಮುಂದಿಟ್ಟ. ಜೋಡಿಸಿದ ಮೇಲೆ ಅದು ಒಂದು ಮೊಳಕ್ಕಿಂತ ಚಿಕ್ಕದಾದ ರೇಸ್ ಕಾರು. ತಂತಿಯಿಲ್ಲ, ಹಗ್ಗವಿಲ್ಲ, ಕೈಯಲ್ಲೊಂದು ರೇಡಿಯೊ ಪೆಟ್ಟಿಗೆ, ಅದರ ಮೇಲೆ ಎರಡು ಕಡ್ಡಿ. ಒಂದನ್ನು ನೂಕಿದರೆ ಓಡುತ್ತದೆ, ಇನ್ನೊಂದನ್ನು ನೂಕಿದರೆ ತಿರುಗುತ್ತದೆ. ಅಣ್ಣ ಅದನ್ನು ಸುಮ್ಮನೆ ತಂದಿರಲಿಲ್ಲ. ಭಾವನ ಮನಸ್ಸು ಎಲ್ಲಾದರೂ ನೆಡಲಿ ಎಂದು ತಂದಿದ್ದ.

ನಮ್ಮವರು ಭಾಂಡೂಪಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹಿಂದಿನ ಮಳೆಗಾಲದಲ್ಲಿ ತಗಡಿನ ಅಂಚು ಜಾರಿ ಬಲಗೈಯ ಅಂಗೈಯಲ್ಲಿ ಆಳವಾಗಿ ಕೊಯ್ದಿತ್ತು. ಗಾಯ ಮಾಯಿತು, ಬೆರಳುಗಳು ಆಡಿದವು, ಆದರೆ ಹೆಬ್ಬೆರಳಿಗೂ ಪಕ್ಕದ ಎರಡು ಬೆರಳುಗಳಿಗೂ ಸ್ಪರ್ಶ ಹೋಯಿತು. ಫಿಟ್ಟರನ ಕೆಲಸವೆಲ್ಲ ಆ ಬೆರಳುಗಳಲ್ಲೇ ಇರುವುದು. ಮೊದಲು ಅವರು ಕಬ್ಬಿಣದ ಮೇಲೆ ಬೆರಳಾಡಿಸಿ, ಕಣ್ಣಿಗೆ ಕಾಣದ ತರಕಲನ್ನು ಹಿಡಿಯುತ್ತಿದ್ದರು. ಈಗ ಅವರನ್ನು ಸ್ಟೋರಿನಲ್ಲಿ ಕೂರಿಸಿದ್ದರು, ಕಿಟಕಿಯ ಹಿಂದೆ ನಟ್ಟು ಬೋಲ್ಟು ಎತ್ತಿಕೊಡುವುದಕ್ಕೆ. ಸಂಬಳ ಕಡಿಮೆಯಾಗಲಿಲ್ಲ, ಮಾತು ಕಡಿಮೆಯಾಯಿತು. ಅಂಗಿಗೆ ಎಣ್ಣೆ ಹತ್ತುವುದು ನಿಂತದ್ದರಿಂದ ಸೋಪು ಉಳಿಯಿತು ಎಂದು ನಾನೊಮ್ಮೆ ತಮಾಷೆ ಮಾಡಿದೆ. ಅವರು ನಗಲಿಲ್ಲ. ಆ ತಮಾಷೆಯನ್ನು ನಾನು ಮತ್ತೆ ಮಾಡಲಿಲ್ಲ.

ದಸರಾ ಮುಗಿಯಲಿ, ಆಮೇಲೆ ಕೈ ನೋಡುತ್ತೇನೆ ಎಂದು ಫೋರ್‌ಮನ್ ಹೇಳಿದ್ದ. ಸ್ಪರ್ಶ ಮರಳಿದ್ದರೆ ಫಿಟ್ಟರನ ಹಳೆಯ ಬೆಂಚು, ಇಲ್ಲದಿದ್ದರೆ ನಿವೃತ್ತಿಯವರೆಗೂ ಸ್ಟೋರು. ಹೀಗಾಗಿ ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಮೂರು ಬೆರಳುಗಳ ಮೇಲಿತ್ತು. ಕೈಯನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಎಣ್ಣೆ ತಿಕ್ಕಲು ಹೋದರೂ ಎಳೆದುಕೊಳ್ಳುತ್ತಿದ್ದರು.

ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ಸಿಮೆಂಟಿನ ರಸ್ತೆ ಇತ್ತು, ಅಲ್ಲಲ್ಲಿ ಬಿರುಕು ಬಿಟ್ಟದ್ದು. ಇಂಥ ಕಾರಿನ ಹುಚ್ಚು ಹಿಡಿದ ಇನ್ನೂ ನಾಲ್ಕೈದು ಜನ ಭಾನುವಾರ ಅಲ್ಲಿ ಸೇರುತ್ತಿದ್ದರು. ಎಲ್ಲರೂ ಮೀಸೆ ಬಂದವರೇ. ಅವರೆಲ್ಲ ದಸರಾ ದಿನ ರೇಸ್ ಇಟ್ಟುಕೊಂಡರು. ನಮ್ಮವರ ಕಾರು ಓಡುತ್ತಿತ್ತು, ಆದರೆ ಬಿರುಕು ಬಂದಲ್ಲೆಲ್ಲ ಕಪ್ಪೆಯಂತೆ ಕುಪ್ಪಳಿಸಿ ದಿಕ್ಕು ತಪ್ಪುತ್ತಿತ್ತು. ಚಕ್ರದ ಮೇಲಿನ ಸ್ಪ್ರಿಂಗು ತುಂಬ ಗಟ್ಟಿ, ಜಪಾನಿನ ರಸ್ತೆಗೆ ಮಾಡಿದ್ದು ಎಂದರು ನಮ್ಮವರು. ಮುಲುಂಡಿನ ರಸ್ತೆಗೆ ಬೇರೆಯೇ ಸ್ಪ್ರಿಂಗು ಬೇಕಾಯಿತು.

ಅದಕ್ಕೆ ನಮ್ಮವರ ಜೋಗೇಶ್ವರಿಯ ಗೆಳೆಯರೊಬ್ಬರು ಬಂದರು. ಬಿಜಾಪುರದ ಕಡೆಯ ಮುಸಲ್ಮಾನರು, ಮೊದಲು ಇವರ ಜೊತೆ ಒಂದೇ ಕಾರ್ಖಾನೆಯಲ್ಲಿದ್ದು ಆಮೇಲೆ ಜೋಗೇಶ್ವರಿಯಲ್ಲಿ ಗಾಲಾ ಎನ್ನುವ ಪುಟ್ಟ ಕೆಲಸದ ಖೋಲಿಯನ್ನು ಸ್ವಂತಕ್ಕೆ ಹಿಡಿದು, ತಂತಿ ಸುತ್ತಿ ಸ್ಪ್ರಿಂಗು ಮಾಡುತ್ತಿದ್ದರು. ಬೀಗಕ್ಕೆ, ಆಟಿಕೆಗೆ, ಹೊಲಿಗೆ ಯಂತ್ರಕ್ಕೆ. ಮನೆಯಲ್ಲಿ ದಖನಿ, ನಮ್ಮೊಡನೆ ಅವರ ಕಡೆಯ ಕನ್ನಡ. ನಮ್ಮ ಅತ್ತೆಯ ಕುಂದಾಪುರದ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರದು ಅತ್ತೆಗೆ ಅರ್ಧ. ಹಾಗಿದ್ದೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ದಾದರಿನಲ್ಲಿ ಗಾಡಿ ಬದಲಿಸಿ ಬರುವ ಅವರ ಜೇಬಿನಲ್ಲಿ ಪ್ರತಿ ಸಲ ಕಾಗದದ ಪೊಟ್ಟಣವಿರುತ್ತಿತ್ತು. ಬಿಚ್ಚಿದರೆ ಪುಟ್ಟ ಪುಟ್ಟ ಸ್ಪ್ರಿಂಗುಗಳು.

ನೋಡುವುದಕ್ಕೆ ಎಲ್ಲ ಒಂದೇ. ಒಂದೇ ಉದ್ದ, ಅಷ್ಟೇ ಸುತ್ತು. ತಂತಿಯ ದಪ್ಪದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ, ಅಷ್ಟರಿಂದಲೇ ಒಂದು ಗಟ್ಟಿ, ಒಂದು ನಡುವಿನದು, ಒಂದು ಮೆದು. ಮೆದು ಹಾಕಿದರೆ ಬಿರುಕಿನ ಮೇಲೆ ಕಾರು ಹಾರುವುದಿಲ್ಲ, ಆದರೆ ತಿರುವಿನಲ್ಲಿ ಒಂದೇ ಕಡೆಗೆ ವಾಲಿ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಮುಂದಕ್ಕೆ ಯಾವುದು, ಹಿಂದಕ್ಕೆ ಯಾವುದು ಎಂಬ ಚರ್ಚೆಯಲ್ಲಿ ನನ್ನ ಎಷ್ಟು ಚಹಾಪುಡಿ ಹೋಯಿತೋ. ಕಲೆಸಿಹೋಗದಿರಲಿ ಎಂದು ಗೆಳೆಯರು ಒಂದೊಂದಕ್ಕೂ ದಾರ ಕಟ್ಟುತ್ತಿದ್ದರು: ಗಟ್ಟಿಗೆ ಕೆಂಪು, ನಡುವಿನದಕ್ಕೆ ಹಳದಿ, ಮೆದುವಿಗೆ ಬಿಳಿ.

ಇದರ ನಡುವೆ ಒಂದು ಸಂಜೆ ನಮ್ಮವರು ಪೊಟ್ಟಣದಿಂದ ಸ್ಪ್ರಿಂಗೊಂದನ್ನು ಎತ್ತಿ, ಆ ಮೂರು ಬೆರಳುಗಳ ನಡುವೆ ಒತ್ತಿ, ಮುಖವನ್ನು ಮನೆ ಮುಂದಿನ ಗ್ಯಾಲರಿಯ ಕಡೆಗೆ ತಿರುಗಿಸಿ, "ಇದು ಗಟ್ಟಿ" ಎಂದರು. ಇನ್ನೊಂದು ಎತ್ತಿದರು. "ಇದು ಮೆದು." ಎರಡೂ ಸರಿ. ಗೆಳೆಯರು ತೊಡೆ ತಟ್ಟಿದರು. ಅತ್ತೆ ಒಳಗಿನಿಂದ ಓಡಿ ಬಂದರು. ನಮ್ಮವರು ಮತ್ತೆ ಒತ್ತಿದರು, ಮತ್ತೆ ಸರಿ. ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ ಎಂದು ಅವರು ತಲೆ ತಗ್ಗಿಸಿಕೊಂಡೇ ಹೇಳಿದರು.

ನನಗಾದ ಸಂತೋಷವನ್ನು ಏನೆಂದು ಹೇಳಲಿ. ಮರುದಿನ ಶ್ಯಾವಿಗೆ ಪಾಯಸ ಮಾಡಿ ಪಕ್ಕದ ಮರಾಠಿ ಮನೆಗೂ ಕೊಟ್ಟು ಸುದ್ದಿ ಹೇಳಿದೆ. ಅತ್ತೆ ಊರಿನ ದೇವರಿಗೆ ಹಣ್ಣುಕಾಯಿ ಹೇಳಿಕೊಂಡರು. ಆಮೇಲೆ ಯಾರು ಬಂದರೂ ಅವರ ಮುಂದೆ ಸ್ಪ್ರಿಂಗು ಒತ್ತಿ ತೋರಿಸಬೇಕಾಯಿತು. ನಮ್ಮವರು ಒತ್ತುತ್ತಿದ್ದರು, ಸರಿಯಾಗಿಯೇ ಹೇಳುತ್ತಿದ್ದರು, ಬೇಗ ಎದ್ದು ಹೋಗುತ್ತಿದ್ದರು. ಹೊಗಳಿಕೆ ಅವರಿಗೆ ಆಗದು ಎಂದುಕೊಂಡೆ.

ಆಯುಧಪೂಜೆ ಬಂತು. ನಮ್ಮ ಅತ್ತೆಯ ಆಯುಧಪೂಜೆ ಎಂದರೆ ಮನೆಯ ಕಬ್ಬಿಣಕ್ಕೆಲ್ಲ ಹಬ್ಬ. ಊರಲ್ಲಿ ಕತ್ತಿ, ಹಾರೆ, ಮೆಟ್ಟುಕತ್ತಿಗೆ ಪೂಜೆ ಮಾಡಿದವರು. ಮುಂಬಯಿಯಲ್ಲಿ ಅವಿಲ್ಲವೆಂದು ಸುಮ್ಮನಿರುವವರಲ್ಲ. ಇಕ್ಕಳ, ಕತ್ತರಿ, ಕೊಡೆಯ ಹಿಡಿಕೆ, ಸ್ಟವ್ವಿನ ಪಿನ್ನು, ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ಆ ಬೆಳಗ್ಗೆ ನಾನು ಮಗಳನ್ನು ಕರೆದುಕೊಂಡು ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದೆ, ನಮ್ಮವರು ಕಾರ್ಖಾನೆಯ ಪೂಜೆಗೆ. ನಾವು ಮರಳುವಷ್ಟರಲ್ಲಿ ದೇವರ ಮುಂದೆ ಕಾರು ಕೂತಿತ್ತು, ಬಾನೆಟ್ಟಿನ ಮೇಲೆ ಗಂಧದ ಬೊಟ್ಟು. ಪಕ್ಕದ ಹಿತ್ತಾಳೆ ತಟ್ಟೆಯಲ್ಲಿ ಸ್ಪ್ರಿಂಗುಗಳ ರಾಶಿ, ಹುಣಸೆಹುಳಿಯಲ್ಲಿ ತೊಳೆದು, ಎಣ್ಣೆ ಒರೆಸಿ, ಒಂದೊಂದಕ್ಕೂ ಕುಂಕುಮ ಹಚ್ಚಿದ್ದು. ದಾರ ಎಲ್ಲಿ ಎಂದು ಕೇಳಿದೆ. ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಆ ಜಿಡ್ಡು ನೂಲಾ? ದೇವ್ರ ಎದುರು ಹಾಂಗೆಲ್ಲ ಇಡುಕೆ ಆತ್ತಾ? ತೆಗ್ದು ಬಿಸಾಡ್ದೆ."

ನಾನು ನಕ್ಕೆ. ಚಿಂತೆಗೆ ಕಾರಣವೇ ಕಾಣಲಿಲ್ಲ. ಬೆರಳುಗಳು ಇವೆಯಲ್ಲ.

ಮಧ್ಯಾಹ್ನ ಊಟಕ್ಕೆ ಗೆಳೆಯರೂ ಬಂದರು, ಮರುದಿನದ ರೇಸಿಗೆ ಸ್ಪ್ರಿಂಗು ಕೂರಿಸಬೇಕಿತ್ತು. ತಟ್ಟೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮವರು ನಗಲಿಲ್ಲ. ತಟ್ಟೆಯ ಮುಂದೆ ಕೂತು ಒಂದನ್ನು ಎತ್ತಿದರು, ಒತ್ತಿದರು. ಇಟ್ಟರು. ಇನ್ನೊಂದು ಎತ್ತಿದರು. ಬೆರಳೆಲ್ಲ ಕೆಂಪಾಯಿತು. ಮೊದಲನೆಯದನ್ನು ಮತ್ತೆ ಎತ್ತಿದರು. ಅತ್ತೆ ಬಾಳೆಎಲೆ ಹಾಕುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಹೇಳಿ, ಯಾವುದು ಎಂದು ನಾನೇ ಅವಸರ ಮಾಡಿದೆ.

"ನಂಗೆ ಎಂತದೂ ಗೊತ್ತಾಗುದಿಲ್ಲ" ಎಂದರು. ದನಿ ಎತ್ತದೆ, ಸ್ಪ್ರಿಂಗಿಗೆ ಹೇಳುವಂತೆ ಹೇಳಿದರು.

ಗೆಳೆಯರು ಅವರ ಕಡೆ ತಿರುಗಿದರು. "ಅಂದ್ರ ಇಷ್ಟ ದಿನಾ ದಾರಾ ನೋಡಿ ಹೇಳ್ತಿದ್ದಿ ಏನೋ, ಭಾಯ್?"

ನಮ್ಮವರು ಹೌದೆಂದು ತಲೆ ಆಡಿಸಿದರು. ಮೊದಲ ದಿನ ಸುಮ್ಮನೆ ತಮಾಷೆಗೆ ಮಾಡಿದ್ದಂತೆ. ಅಮ್ಮ ಓಡಿ ಬಂದಳು, ಇವಳು ಪಾಯಸ ಮಾಡಿದಳು, ಆಮೇಲೆ ನಿಜ ಹೇಳಲು ಬಾಯಿ ಬರಲಿಲ್ಲವಂತೆ. ನನ್ನ ಸಿಟ್ಟು ನೆತ್ತಿಗೇರಿತು. ಪಾಯಸದ ಮೇಲೆ ತಪ್ಪು ಹೊರಿಸುತ್ತೀರಾ ಎಂದೆ. ಊರಿಗೆಲ್ಲ ಡಂಗುರ ಸಾರಿ ಬಂದ ನನ್ನ ಮುಖ ಎಲ್ಲಿಡಲಿ ಎಂದೆ. ಇನ್ನೂ ಏನೇನೋ ಅನ್ನುವವಳಿದ್ದೆ. ಅಷ್ಟರಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅವರ ಮುಖ ಕಂಡು ನನ್ನ ಮಾತು ನಿಂತಿತು. ಎಲ್ಲರಿಗೂ ಗೊತ್ತಿತ್ತು: ಹೋದದ್ದು ರೇಸ್ ಅಲ್ಲ, ಬೆಂಚು.

ಗೆಳೆಯರು ನಾನೇ ಒತ್ತಿ ಬೇರೆ ಮಾಡಿಕೊಡುತ್ತೇನೆ ಎಂದು ತಟ್ಟೆ ಎಳೆದುಕೊಂಡರು. ಅದು ಅವರ ಕಸುಬು, ಎರಡು ನಿಮಿಷದ ಕೆಲಸ. ನಮ್ಮವರು ಬೇಡವೆಂದರು. ಎದ್ದುಹೋಗಿ ಮುರಿದ ಕೊಡೆಯೊಂದರಿಂದ ಕಡ್ಡಿ ಕಿತ್ತು ತಂದರು. ಎರಡು ಸ್ಪ್ರಿಂಗುಗಳನ್ನು ಒಂದರ ಬೆನ್ನಿಗೊಂದು ಕಡ್ಡಿಗೆ ಪೋಣಿಸಿದರು. ಕಡ್ಡಿಯನ್ನು ನನ್ನ ಮುಂದೆ ಹಿಡಿದರು.

"ನೀನು ಎರಡೂ ಕಡೆಯಿಂದ ಒತ್ತು. ನಾನು ನೋಡ್ತೇನೆ."

ಸಿಟ್ಟು ಇನ್ನೂ ಇಳಿದಿರಲಿಲ್ಲ, ಬೇಕಾದ್ದಕ್ಕಿಂತ ಜೋರಾಗಿಯೇ ಒತ್ತಿದೆ. ಎರಡಕ್ಕೂ ಬೀಳುವ ಬಲ ಒಂದೇ, ಹಾಗಾಗಿ ಮೆದುವಾದದ್ದು ಹೆಚ್ಚು ಕುಗ್ಗುತ್ತದೆ, ಗಟ್ಟಿಯದು ಕಡಿಮೆ. ಬೆರಳಿಗೆ ತಿಳಿಯಬೇಕಾಗಿಲ್ಲ, ಕಣ್ಣಿಗೆ ಕಂಡರೆ ಸಾಕು. ಅವರು ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಎಡದ್ದು ಮೆದು ಎಂದರು. ಗೆಳೆಯರು ಅದನ್ನು ಬೇರೆ ಇಟ್ಟರು. ಮುಂದಿನ ಜೋಡಿ ಪೋಣಿಸಿದರು. ನಾನು ಒತ್ತಿದೆ, ಅವರು ನೋಡಿದರು, ಗೆಳೆಯರು ಬೇರೆ ಮಾಡಿದರು. ಒಂದನ್ನು ಇನ್ನೊಂದರ ಜೊತೆ, ಅದನ್ನು ಮತ್ತೊಂದರ ಜೊತೆ. ಮೂರು ಗುಂಪಾದ ಮೇಲೆ ದಾರ ಕಟ್ಟಿದರು. ಎಲೆಯ ಮೇಲಿನ ಅನ್ನ ಆರಿತು. ನನ್ನ ಹೆಬ್ಬೆರಳು ನೋಯತೊಡಗಿತು, ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಡುವೆ ಅತ್ತೆ ಬಂದು, ಕಣ್ಣೊರೆಸಿಕೊಂಡು, ಕುಂಕುಮವನ್ನು ಅಳಿಸಬೇಡಿ ಎಂದಷ್ಟೇ ಹೇಳಿ ಹೋದರು.

ಮರುದಿನ ರೇಸ್ ನಡೆಯಿತು. ಮುಂದೆ ಮೆದು, ಹಿಂದೆ ನಡುವಿನದು ಹಾಕಿದ್ದರು. ಬಿರುಕುಗಳ ಮೇಲೆ ಕಾರು ನೀರಿನಂತೆ ಹರಿಯಿತು. ನಾನು ಗ್ಯಾಲರಿಯಿಂದ ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆ. ಆಮೇಲೆ ಗುಜರಾತಿ ಮನೆಯವರ ನಾಯಿ ಅಡ್ಡ ಬಂತು, ಕಾರು ಚರಂಡಿಗೆ ಬಿತ್ತು. ನಮ್ಮವರು ಕೊನೆಯವರಾಗಿ ಮುಗಿಸಿದರು. ಗೆಳೆಯರು ನಾಯಿಯ ಮಾಲೀಕರೊಡನೆ ಹಿಂದಿಯಲ್ಲಿ ಜಗಳವಾಡಿ, ಅವರ ಮನೆಯಲ್ಲೇ ಢೋಕ್ಲಾ ತಿಂದು ಬಂದರು.

ಸೋಮವಾರ ನಮ್ಮವರು ಕೆಲಸಕ್ಕೆ ಹೋದ ಮೇಲೆ ನನಗೆ ಒಂದು ಕೆಲಸವೂ ಸಾಗಲಿಲ್ಲ. ಫೋರ್‌ಮನ್ನನ್ನೂ ಏನಾದರೂ ಉಪಾಯ ಮಾಡಿ ನಂಬಿಸಲಿ ಎಂದು ಒಂದು ಮನಸ್ಸು. ನಂಬಿಸಿ ಬೆಂಚಿಗೆ ನಿಂತು ಇನ್ನೊಂದು ಬೆರಳು ಹೋದರೆ ಎಂದು ಇನ್ನೊಂದು ಮನಸ್ಸು. ಸಂಜೆ ಅವರು ಮಾಮೂಲಿನ ಲೋಕಲಿನಲ್ಲೇ ಬಂದರು. ಚಪ್ಪಲಿ ಬಿಟ್ಟು ಕಾಟಿನ ಮೇಲೆ ಕೂತರು. ಫೋರ್‌ಮನ್ ಒಂದು ಕಬ್ಬಿಣದ ಪಟ್ಟಿ ಕೈಗೆ ಕೊಟ್ಟು ತರಕಲಿದೆಯಾ ನೋಡು ಎಂದನಂತೆ. ಬೆರಳಿಗೆ ತಿಳಿಯುವುದಿಲ್ಲ ಎಂದು ಇವರು ಹಾಗೇ ಹಿಂದೆ ಕೊಟ್ಟರಂತೆ. ಸ್ಟೋರೇ ಖಾಯಂ. ಇಷ್ಟನ್ನು ಹೇಳಿ, ಪಾಪ ಅವನಿಗೂ ಬೇಜಾರಾಯಿತು ಎಂದು ಫೋರ್‌ಮನ್ನಿನ ಪರವಾಗಿ ಮಾತಾಡಿದರು.

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರು ಆ ಕೈಯನ್ನು ನನ್ನ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಗಾಯವಾದಂದಿನಿಂದ ಅವರಾಗಿ ಕೊಟ್ಟದ್ದು ಅದೇ ಮೊದಲು. ಮುಟ್ಟು, ಎಲ್ಲಿ ಮುಟ್ಟಿದೆ ಎಂದು ಹೇಳುತ್ತೇನೆ ಎಂದರು. ನಾನು ಹೆಬ್ಬೆರಳು ಮುಟ್ಟಿದೆ. ಅವರು ಸುಮ್ಮನಿದ್ದರು. ತೋರುಬೆರಳು ಮುಟ್ಟಿದೆ, ನಡುಬೆರಳನ್ನು ಚಿವುಟಿಯೂ ನೋಡಿದೆ. ಇನ್ನೂ ಮುಟ್ಟಲಿಲ್ಲವಾ ಎಂದು ಕೇಳಿದರು. ನನ್ನ ಕಣ್ಣಿನಿಂದ ನೀರು ಇಳಿದು ಅವರ ಬೆರಳ ಮೇಲೆಯೇ ಬಿತ್ತು, ಅದೂ ಅವರಿಗೆ ತಿಳಿಯಲಿಲ್ಲ. ಅಂಗೈಯ ಗಾಯದ ಗೆರೆ ದಾಟಿ ನಿಧಾನಕ್ಕೆ ಮೇಲೆ ಬಂದೆ. ಮಣಿಕಟ್ಟಿಗೆ ಬಂದಾಗ ಅವರ ಮುಖ ಬದಲಾಯಿತು.

"ಹಾಂ. ಇಲ್ಲಿ."

ನಾನು ಅಲ್ಲೇ ಹಿಡಿದುಕೊಂಡೆ. ಆಮೇಲೆ ಮುಲುಂಡ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ, ಮಗಳ ಮದುವೆಯ ಮಂಟಪದಲ್ಲಿ, ಕೊನೆಗೆ ಆಸ್ಪತ್ರೆಯಲ್ಲಿ, ನಾನು ಅವರ ಕೈ ಹಿಡಿದದ್ದೆಲ್ಲ ಮಣಿಕಟ್ಟಿನಲ್ಲೇ.